ಎಳೆಯೋಕೊಂದು, ಓಡೋಕೊಂದು: ಹೆನ್ರಿ ಫೋರ್ಡ್ ಬದುಕಿನ ಗೇರ್ ಲೆಕ್ಕ

ಅಮೆರಿಕದಲ್ಲಿ ದೊಡ್ಡ ಪಿಕಪ್ ಟ್ರಕ್ ಕೊಳ್ಳೋಕೆ ಹೋದವರಿಗೆ ಬಣ್ಣ, ಸೀಟು, ಮ್ಯೂಸಿಕ್ ಸಿಸ್ಟಮ್ ಜೊತೆಗೆ ಇನ್ನೊಂದು ಆಯ್ಕೆಯೂ ಇರುತ್ತೆ: ಹಿಂದಿನ ಆಕ್ಸಲ್ ರೇಶಿಯೋ ಎಷ್ಟು ಬೇಕು? 3.55, 3.73, 4.10, 4.30, ಹೀಗೆ ಪಟ್ಟಿ ಇರುತ್ತೆ. ಕುದುರೆ ಟ್ರೇಲರ್, ದೋಣಿ, ಮಣ್ಣು ಅಗೆಯುವ ಯಂತ್ರ ಇಂಥದ್ದನ್ನೆಲ್ಲ ಎಳೆಯೋರು ದೊಡ್ಡ ಸಂಖ್ಯೆ ಕೇಳ್ತಾರೆ. ಹೈವೇಯಲ್ಲಿ ಖಾಲಿ ಓಡಿಸೋರಿಗೆ ಚಿಕ್ಕ ಸಂಖ್ಯೆ ಸಾಕು. ಇದರ ಜೊತೆಗೆ ಟೈರ್ ಎಷ್ಟು ಇಂಚಿನದು ಅನ್ನೋ ಪ್ರಶ್ನೆ ಬೇರೆ. ಇವೆರಡನ್ನೂ ಒಟ್ಟಿಗೆ ನೋಡದೆ ಆರಿಸಿದರೆ ದುಡ್ಡು ಹೋಗುತ್ತೆ, ಗಾಡಿಯೂ ಎಳೆಯಲ್ಲ.

ಇಂಥ ಟ್ರಕ್‌ಗಳಲ್ಲಿ ಅತಿ ಹೆಸರುವಾಸಿಯಾದ ಒಂದರ ಮೂತಿಯ ಮೇಲೆ, ನೀಲಿ ಬಣ್ಣದ ಮೊಟ್ಟೆಯಾಕಾರದೊಳಗೆ, ಒಬ್ಬ ಮನುಷ್ಯನ ಹೆಸರು ಇದೆ. ಆ ಮನುಷ್ಯ ತಾನು ಮಾಡಿದ ಅತಿ ಪ್ರಸಿದ್ಧ ಕಾರಿಗೆ ಸುಮಾರು 19 ವರ್ಷ ಅದೇ ಇಂಜಿನ್, ಅದೇ ಎರಡು ಗೇರ್, ಅದೇ ಆಕ್ಸಲ್ ರೇಶಿಯೋ ಸಾಕು ಅಂತ ಹಟ ಹಿಡಿದು ಕೂತಿದ್ದವರು. ಹೌದು, ಹೆನ್ರಿ ಫೋರ್ಡ್. ಅವರ ಬಗ್ಗೆ ನಾವು ಕ್ಲಾಸಲ್ಲಿ ಕೇಳೋದು ಅಸೆಂಬ್ಲಿ ಲೈನ್ ಅಂತ ಅಷ್ಟೇ. ಇಲ್ಲಿ ನಾವು ಅವರ ಬದುಕನ್ನು ಹಿಂದಿನ ಆಕ್ಸಲ್ ಕಡೆಯಿಂದ ನೋಡೋಣ. ಹಾಗೆ ನೋಡಿದರೆ ಅವರು ಗೆದ್ದಿದ್ದು ಯಾಕೆ, ಸೋತಿದ್ದು ಯಾಕೆ ಎರಡೂ ಕಾಣುತ್ತೆ.

ಮೊದಲು ಚಿಕ್ಕ ಲೆಕ್ಕ

ಚಕ್ರ ರಸ್ತೆಯನ್ನು ತಳ್ಳುವ ಬಲ ಎಷ್ಟು ಅಂತ ತಿಳಿಯೋಕೆ ನಾಲ್ಕು ಸಂಖ್ಯೆ ಸಾಕು. ಇಂಜಿನ್ ಟಾರ್ಕ್ ತಗೊಳ್ಳಿ, ಗೇರ್‌ಬಾಕ್ಸ್ ರೇಶಿಯೋದಿಂದ ಗುಣಿಸಿ, ಆಕ್ಸಲ್ ರೇಶಿಯೋದಿಂದ ಮತ್ತೆ ಗುಣಿಸಿ, ಕೊನೆಗೆ ಟೈರಿನ ತ್ರಿಜ್ಯದಿಂದ ಭಾಗಿಸಿ. ಘರ್ಷಣೆಯಲ್ಲಿ ಹೋಗೋದನ್ನು ಸದ್ಯಕ್ಕೆ ಬಿಡೋಣ. ರೇಶಿಯೋ ಜಾಸ್ತಿ ಆದಷ್ಟೂ ತಳ್ಳುವ ಬಲ ಜಾಸ್ತಿ, ಆದರೆ ಅದೇ ಇಂಜಿನ್ ವೇಗಕ್ಕೆ ಗಾಡಿಯ ವೇಗ ಕಡಿಮೆ. ಟೈರ್ ದೊಡ್ಡದಾದರೆ ಇದರ ಉಲ್ಟಾ.

ಇಲ್ಲೇ ಒಂದು ಗೊಂದಲ ಆಗೋದುಂಟು. ನಮ್ಮ ಎತ್ತಿನ ಗಾಡಿಯ ಚಕ್ರ ಅಷ್ಟು ದೊಡ್ಡದು, ಅದು ಎಳೆಯೋಕೆ ಸುಲಭ ಅಲ್ವಾ ಅಂತ. ನಿಜ, ಆದರೆ ಅಲ್ಲಿ ಎಳೆಯೋದು ಎತ್ತು, ಚಕ್ರ ಸುಮ್ಮನೆ ಉರುಳುತ್ತೆ. ಉರುಳೋ ಚಕ್ರ ದೊಡ್ಡದಿದ್ದರೆ ಗುಂಡಿ ಕಲ್ಲು ದಾಟೋದು ಸಲೀಸು. ಕಾರಲ್ಲಿ, ಟ್ರಕ್ಕಲ್ಲಿ ಚಕ್ರವೇ ಎತ್ತು. ಅದನ್ನು ದೊಡ್ಡದು ಮಾಡಿದರೆ ಗುಂಡಿಯೇನೋ ದಾಟುತ್ತೆ, ಎಳೆಯೋ ಬಲ ಮಾತ್ರ ಕಮ್ಮಿ ಆಗುತ್ತೆ. ಇದನ್ನು ನೆನಪಿಟ್ಟುಕೊಂಡು ಮಿಶಿಗನ್ ರಾಜ್ಯದ ಒಂದು ಹೊಲಕ್ಕೆ ಹೋಗೋಣ.

ದಾರಿಯಲ್ಲಿ ಸಿಕ್ಕ ಯಂತ್ರ

ಹೆನ್ರಿ ಹುಟ್ಟಿದ್ದು 1863ರ ಜುಲೈ 30ರಂದು, ಡೆಟ್ರಾಯಿಟ್ ಹತ್ತಿರದ ಡಿಯರ್‌ಬಾರ್ನ್ ಕಡೆಯ ಒಂದು ರೈತ ಕುಟುಂಬದಲ್ಲಿ. ಅಪ್ಪ ವಿಲಿಯಂ ಐರ್ಲೆಂಡಿನಿಂದ ಬಂದವರು. ಅಮ್ಮ ಮೇರಿ 1876ರಲ್ಲಿ ತೀರಿಕೊಂಡರು, ಆಗ ಹುಡುಗನಿಗೆ 12 ವರ್ಷ. ಹೊಲದ ಕೆಲಸ ಅಂದ್ರೆ ಹೆನ್ರಿಗೆ ಆಗ್ತಾ ಇರ್ಲಿಲ್ಲ. ಕೆಲಸಕ್ಕೆ ಹೋಲಿಸಿದರೆ ಬೆವರು ಜಾಸ್ತಿ ಅನ್ನೋದು ಅವನ ದೂರು.

ಅದೇ 1876ರಲ್ಲಿ ಅಪ್ಪನ ಜೊತೆ ಕುದುರೆ ಗಾಡಿಯಲ್ಲಿ ಡೆಟ್ರಾಯಿಟಿಗೆ ಹೋಗುವಾಗ ಎದುರಿಗೆ ಒಂದು ಸ್ಟೀಮ್ ಇಂಜಿನ್ ಬಂತು. ಅದನ್ನು ಕುದುರೆ ಎಳೀತಾ ಇರ್ಲಿಲ್ಲ, ತಾನೇ ಬರ್ತಾ ಇತ್ತು! ಇಂಜಿನ್ನಿಂದ ಹಿಂದಿನ ಚಕ್ರಕ್ಕೆ ಒಂದು ಚೈನು. ಕುದುರೆಗೆ ದಾರಿ ಬಿಡೋಕೆ ಅದು ನಿಂತಾಗ ಹೆನ್ರಿ ಗಾಡಿಯಿಂದ ಹಾರಿ ಇಳಿದು ಅದನ್ನು ನಡೆಸುವವರ ಹತ್ತಿರ ಹೋದ. ಚೈನ್ ಹೇಗೆ ಬಿಚ್ಚೋದು, ಅದೇ ಇಂಜಿನ್ನಿಗೆ ಬೆಲ್ಟ್ ಹಾಕಿ ಬೇರೆ ಯಂತ್ರ ಹೇಗೆ ತಿರುಗಿಸೋದು ಅಂತೆಲ್ಲ ಅವರು ತೋರಿಸಿದರು. ಇಂಜಿನ್ ನಿಮಿಷಕ್ಕೆ 200 ಸುತ್ತು ಸುತ್ತುತ್ತೆ ಅನ್ನೋ ಸಂಖ್ಯೆಯೂ ಹುಡುಗನಿಗೆ ಸಿಕ್ಕಿತು. ಆ ದಿನದ ನೆನಪು ಫೋರ್ಡ್ ಮುದುಕರಾಗುವ ತನಕ ಮಾಸಲಿಲ್ಲ. ಗಮನಿಸಿ, ಅವರ ತಲೆಗೆ ಮೊದಲು ಹೊಕ್ಕಿದ್ದು ಓಡೋ ಕಾರಲ್ಲ, ಭಾರದ ಕೆಲಸ ಮಾಡೋ ಯಂತ್ರ.

ಆ ವಯಸ್ಸಿನಲ್ಲೇ ಅವನ ಕೈಗೆ ಒಂದು ಗಡಿಯಾರವೂ ಸಿಕ್ಕಿತು. ಬಿಚ್ಚಿದ, ಜೋಡಿಸಿದ. ಸುತ್ತಮುತ್ತಲಿನವರ ಗಡಿಯಾರಗಳೆಲ್ಲ ಅವನ ಮೇಜಿಗೆ ಬರತೊಡಗಿದವು. ಗಡಿಯಾರ ಅಂದ್ರೆ ಗೇರ್ ಟ್ರೇನ್ ತಾನೆ? ರೈಲ್ವೆಯವರ ಸಮಯ ಒಂದು, ಊರಿನ ಸಮಯ ಒಂದು ಅಂತ ಇದ್ದ ಆ ಕಾಲದಲ್ಲಿ ಎರಡೂ ತೋರಿಸುವ, ಎರಡು ಡಯಲ್ ಇರುವ ಗಡಿಯಾರವನ್ನು ಅವನು ಮಾಡಿದ್ದ. ಎರಡು ಅಗತ್ಯ ಇದ್ದರೆ ಎರಡು ಡಯಲ್ ಬೇಕು ಅನ್ನೋದು ಹುಡುಗನಿಗೆ ಗೊತ್ತಿತ್ತು.

ಗೋಡೆ ಒಡೆದು ಹೊರಬಂದ ಗಾಡಿ

1879ರಲ್ಲಿ, 16ನೇ ವಯಸ್ಸಿಗೆ, ಹೆನ್ರಿ ಡೆಟ್ರಾಯಿಟಿಗೆ ನಡೆದರು. ಹಗಲು ಮೆಶಿನ್ ಶಾಪಿನಲ್ಲಿ ಕೆಲಸ, ರಾತ್ರಿ ಒಂದು ಆಭರಣದ ಅಂಗಡಿಯಲ್ಲಿ ಗಡಿಯಾರ ರಿಪೇರಿ. ಮೂರು ವರ್ಷದ ನಂತರ ಊರಿಗೆ ವಾಪಸ್ ಬಂದು ವೆಸ್ಟಿಂಗ್‌ಹೌಸ್ ಕಂಪನಿಯ ಸ್ಟೀಮ್ ಇಂಜಿನ್‌ಗಳನ್ನು ಹೊಲದಿಂದ ಹೊಲಕ್ಕೆ ನಡೆಸಿದರು, ರಿಪೇರಿ ಮಾಡಿದರು. 1888ರಲ್ಲಿ ಕ್ಲಾರಾ ಬ್ರಯಂಟ್ ಜೊತೆ ಮದುವೆ. 1891ರಲ್ಲಿ ಡೆಟ್ರಾಯಿಟ್‌ನ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ಕೆಲಸ, 1893ಕ್ಕೆ ಅಲ್ಲೇ ಚೀಫ್ ಇಂಜಿನಿಯರ್. ಅದೇ ವರ್ಷ ಒಬ್ಬನೇ ಮಗ ಎಡ್ಸೆಲ್ ಹುಟ್ಟಿದ.

ಮನೆ ಹಿಂದಿನ ಶೆಡ್ಡಿನಲ್ಲಿ ರಾತ್ರಿ ಕೂತು ಫೋರ್ಡ್ ಒಂದು ಪೆಟ್ರೋಲ್ ಗಾಡಿ ಕಟ್ಟಿದರು. ಹೆಸರು ಕ್ವಾಡ್ರಿಸೈಕಲ್, ಅಂದ್ರೆ ನಾಲ್ಕು ಸೈಕಲ್ ಚಕ್ರದ ಗಾಡಿ. ಚಕ್ರದ ವ್ಯಾಸ 28 ಇಂಚು, ಇಂಜಿನ್ ಸುಮಾರು 4 ಅಶ್ವಶಕ್ತಿ. ಬೆಲ್ಟಿನಲ್ಲಿ ಎರಡು ಸ್ಪೀಡ್: ಗಂಟೆಗೆ 10 ಮೈಲಿ ಒಂದು, 20 ಮೈಲಿ ಇನ್ನೊಂದು. ಅಲ್ಲಿಂದ ಹಿಂದಿನ ಚಕ್ರಕ್ಕೆ ಚೈನು, ಮೊದಲು ಕಂಡ ಆ ಸ್ಟೀಮ್ ಇಂಜಿನ್ನಿನ ಹಾಗೇ. ರಿವರ್ಸ್ ಇರ್ಲಿಲ್ಲ. 1896ರ ಜೂನ್ 4ರ ಬೆಳಗಿನ ಜಾವ ಗಾಡಿ ರೆಡಿ ಆದಾಗ ಶೆಡ್ಡಿನ ಬಾಗಿಲು ಚಿಕ್ಕದು ಅಂತ ಗೊತ್ತಾಯ್ತು. ಫೋರ್ಡ್ ಕೊಡಲಿ ತಗೊಂಡು ಇಟ್ಟಿಗೆ ಗೋಡೆ ಒಡೆದರು, ಗಾಡಿ ಬೀದಿಗೆ ಬಂತು.

1899ರಲ್ಲಿ ದುಡ್ಡಿದ್ದವರು ಸೇರಿ ಡೆಟ್ರಾಯಿಟ್ ಆಟೋಮೊಬೈಲ್ ಕಂಪನಿ ಶುರು ಮಾಡಿದರು, ಫೋರ್ಡ್ ಅದರ ತಾಂತ್ರಿಕ ಮುಖ್ಯಸ್ಥ. ಅಲ್ಲಿಂದ ಮೊದಲು ಬಂದಿದ್ದು ಕಾರಲ್ಲ, ಸರಕು ಸಾಗಿಸುವ ಡೆಲಿವರಿ ಟ್ರಕ್. ಅದು ಭಾರ, ನಿಧಾನ, ಪದೇ ಪದೇ ಕೈಕೊಡ್ತಿತ್ತು. 1901ರಲ್ಲಿ ಕಂಪನಿ ಮುಚ್ಚಿತು. ಹೆಸರು ಉಳಿಸಿಕೊಳ್ಳೋಕೆ ಫೋರ್ಡ್ ರೇಸಿಗೆ ಇಳಿದರು. ಆ ವರ್ಷ ಅಕ್ಟೋಬರ್‌ನಲ್ಲಿ ಗ್ರಾಸ್ ಪಾಯಿಂಟ್ ಟ್ರ್ಯಾಕಿನಲ್ಲಿ ಆಗಿನ ಹೆಸರಾಂತ ಅಲೆಕ್ಸಾಂಡರ್ ವಿಂಟನ್ ಅವರನ್ನು ಸೋಲಿಸಿದರು. ಎರಡನೇ ಕಂಪನಿಯೂ ಜಗಳದಲ್ಲಿ ಕೈತಪ್ಪಿತು, ಅದೇ ಮುಂದೆ ಕ್ಯಾಡಿಲಾಕ್ ಆಯ್ತು. ಮೂರನೆಯದು ಉಳಿಯಿತು. 1903ರ ಜೂನ್ 16ರಂದು ಫೋರ್ಡ್ ಮೋಟಾರ್ ಕಂಪನಿ ಶುರು. ಆಗ ಅವರಿಗೆ 40 ತುಂಬೋಕೆ ಆರು ವಾರ ಬಾಕಿ.

3.64

1908ರ ಅಕ್ಟೋಬರ್‌ನಲ್ಲಿ ಮಾಡೆಲ್ ಟಿ ಬಂತು. ಇಂಜಿನ್ 2.9 ಲೀಟರ್, 20 ಅಶ್ವಶಕ್ತಿ, ಟಾರ್ಕ್ ಸುಮಾರು 112 ನ್ಯೂಟನ್ ಮೀಟರ್. ಪವರ್ ನೋಡಿದರೆ ಇವತ್ತಿನ ಬೈಕಿನಷ್ಟು, ಆದರೆ ಟಾರ್ಕ್ ಸಣ್ಣ ಕಾರಿನಷ್ಟು, ಅದೂ ನಿಮಿಷಕ್ಕೆ 900 ಸುತ್ತಿನ ಆಸುಪಾಸಿನಲ್ಲೇ. ಗೇರ್‌ಬಾಕ್ಸ್ ನಾವು ಓದುವ ಎಪಿಸೈಕ್ಲಿಕ್ ಗೇರ್ ಟ್ರೇನೇ. ಲೋ ಗೇರ್ 2.75, ಹೈ ಗೇರ್ ನೇರ 1, ರಿವರ್ಸ್ 4. ಆಕ್ಸಲ್ಲಿನಲ್ಲಿ ಚಿಕ್ಕ ಗೇರಿಗೆ 11 ಹಲ್ಲು, ದೊಡ್ಡದಕ್ಕೆ 40. ಅಂದ್ರೆ ರೇಶಿಯೋ 3.64. ಟೈರಿನ ವ್ಯಾಸ 30 ಇಂಚು.

ಆ 30 ಇಂಚು ಯಾಕೆ? ಅಮೆರಿಕದ ಹಳ್ಳಿ ರಸ್ತೆಗಳು ಆಗ ಕೆಸರು, ಗಾಡಿ ಜಾಡು, ಕಲ್ಲು. ದೊಡ್ಡ ಚಕ್ರ ಇದ್ದರೆ ಆಕ್ಸಲ್ ನೆಲದಿಂದ ಮೇಲಿರುತ್ತೆ, ಹೊಟ್ಟೆ ತಾಗಲ್ಲ. ಜೊತೆಗೆ ವೆನೇಡಿಯಂ ಸ್ಟೀಲ್ ಬಳಸಿ ಗಾಡಿಯನ್ನು ಗಟ್ಟಿ ಆದರೂ ಹಗುರ ಮಾಡಿದರು. ಸುಮಾರು 550 ಕೆಜಿ ಅಷ್ಟೇ.

ಲೆಕ್ಕ ಹಾಕಿ ನೋಡಿದ್ವಿ. ಹೈ ಗೇರಿನಲ್ಲಿ ಇಂಜಿನ್ 1,600 ಸುತ್ತು ತಿರುಗಿದರೆ ವೇಗ ಗಂಟೆಗೆ 63 ಕಿ.ಮೀ. ತಳ್ಳುವ ಬಲ ಹೆಚ್ಚೆಂದರೆ 110 ಕೆಜಿ ತೂಕದಷ್ಟು. ಜನ ಕೂತು ಗಾಡಿ 800 ಕೆಜಿ ಆದರೂ ನೂರಕ್ಕೆ 10ರ ಏರನ್ನು ಹೈ ಗೇರಿನಲ್ಲೇ ಹತ್ತಬಹುದು. ಲೋ ಗೇರಿನಲ್ಲಿ ಒಟ್ಟು ರೇಶಿಯೋ 10, ಬಲ 300 ಕೆಜಿ. ಒಂದು ಹಗುರ ಗಾಡಿಗೆ, ಒಂದು ಕುಟುಂಬಕ್ಕೆ, 3.64 ತುಂಬಾ ಒಳ್ಳೆ ಆಯ್ಕೆ. ಗೇರ್ ಬದಲಿಸೋಕೆ ಬರದವರೂ ಓಡಿಸಬಹುದಿತ್ತು: ಎಡಗಡೆಯ ಪೆಡಲ್ ಪೂರ್ತಿ ಒತ್ತಿದರೆ ಲೋ, ಬಿಟ್ಟರೆ ಹೈ. ಉದ್ದದ ಏರು ಬಂದರೆ ಮಾತ್ರ ಆ ಪೆಡಲ್ ಒತ್ತಿಹಿಡಿದೇ ಹೋಗಬೇಕು. ಕಾಲು ಬಿದ್ದುಹೋಗ್ತಿತ್ತು!

ಇನ್ನೂ ಕಡಿದಾದ ಏರು ಬಂದರೆ ಜನ ಗಾಡಿ ತಿರುಗಿಸಿ ರಿವರ್ಸಿನಲ್ಲಿ ಹತ್ತುತ್ತಿದ್ದರು. ಇದು ತಮಾಷೆಯಲ್ಲ, ಎರಡು ಕಾರಣ ಇತ್ತು. ಒಂದು, ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗೆ. ಪಂಪ್ ಇಲ್ಲ, ಇಳಿಜಾರಿನಿಂದಲೇ ಕಾರ್ಬ್ಯುರೇಟರಿಗೆ ಹರಿಯಬೇಕು. ಮೂತಿ ಮೇಲೆದ್ದರೆ ಪೆಟ್ರೋಲ್ ಹೋಗಲ್ಲ. ಇನ್ನೊಂದು, ರಿವರ್ಸ್ ರೇಶಿಯೋ 4, ಒಟ್ಟು 14.5. ಗಾಡಿಯಲ್ಲಿ ಇದ್ದ ಅತಿ ಬಲವಾದ ಗೇರ್ ಹಿಂದಕ್ಕೆ ಹೋಗೋದೇ ಆಗಿತ್ತು. ಮುಂದಕ್ಕೆ ಇನ್ನೊಂದು ಗೇರ್ ಬೇಕು ಅಂತ ಗಾಡಿಯೇ ಹೇಳ್ತಾ ಇತ್ತು ಅನ್ನಿ.

ಅಗ್ಗದ ಕಾರು, ಹೆಚ್ಚಿದ ಭಾರ

1913ರ ಅಕ್ಟೋಬರ್‌ನಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಶುರುವಾಯ್ತು. ಒಂದು ಚಾಸಿ ಜೋಡಿಸೋಕೆ 12 ಗಂಟೆಗೂ ಹೆಚ್ಚು ಬೇಕಿದ್ದದ್ದು ಮುಂದಿನ ವರ್ಷಕ್ಕೆ 93 ನಿಮಿಷಕ್ಕೆ ಇಳಿಯಿತು. ಇಡೀ ದಿನ ಒಂದೇ ನಟ್ ಬಿಗಿಯೋ ಕೆಲಸ ಬೇಸರ ಬಂದು ಜನ ಬಿಟ್ಟು ಓಡತೊಡಗಿದಾಗ, 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಕೂಲಿ ಅಂತ ಘೋಷಿಸಿದರು. ಆಗಿನ ಕೂಲಿಯ ಎರಡು ಪಟ್ಟು. ಈ ಎಲ್ಲದರ ಅಡಿಪಾಯ ಒಂದೇ: ಮಾಡೆಲ್ ಬದಲಾಗಬಾರದು. ಒಂದೇ ರೇಶಿಯೋ ಅಂದ್ರೆ ಒಂದೇ ಗೇರ್ ಕಟ್ಟರ್, ಒಂದೇ ಅಳತೆ, ಒಂದೇ ಬಿಡಿಭಾಗ. ಮೊದಲು 825 ಡಾಲರಿನಿಂದ ಶುರುವಾದ ಕಾರು 1920ರ ದಶಕದಲ್ಲಿ 300ಕ್ಕಿಂತ ಕೆಳಗೆ ಇಳಿದಿದ್ದು ಹೀಗೆ. ಫೋರ್ಡ್ ಅವರ ಹಟ ಬರೀ ಹಟ ಅಲ್ಲ, ಅದರಲ್ಲಿ ಅರ್ಥ ಇತ್ತು.

ಆದರೆ ಕಾರು ಅಗ್ಗ ಆದಷ್ಟೂ ರೈತರು ಅದರ ಮೇಲೆ ಹೇರೋದು ಜಾಸ್ತಿ ಆಯ್ತು. ಹಾಲಿನ ಕ್ಯಾನು, ಹುಲ್ಲು, ಹಂದಿ, ಸೌದೆ. ಹಿಂದಿನ ಚಕ್ರವನ್ನು ಜ್ಯಾಕ್ ಹಾಕಿ ಎತ್ತಿ, ಬೆಲ್ಟ್ ಕಟ್ಟಿ ಗರಗಸ ತಿರುಗಿಸೋರೂ ಇದ್ದರು. ಮಾಡೆಲ್ ಟಿಯನ್ನು ಟ್ರಕ್ ಮಾಡೋ ಕಿಟ್‌ಗಳನ್ನು ಬೇರೆಯವರು ಮಾರತೊಡಗಿದರು. ಕೊನೆಗೆ 1917ರಲ್ಲಿ ಫೋರ್ಡ್ ಕಂಪನಿಯೇ ಒಂದು ಟನ್ ಹೊರುವ ಮಾಡೆಲ್ ಟಿಟಿ ಚಾಸಿ ತಂತು.

ಇದೇ ನಮಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ. ಇಂಜಿನ್ ಅದೇ, ಗೇರ್‌ಬಾಕ್ಸ್ ಅದೇ. ಬದಲಾಗಿದ್ದು ಉದ್ದ, ಹಿಂದಿನ ಚಕ್ರ, ಮತ್ತು ಆಕ್ಸಲ್. 3.64 ಇದ್ದ ಜಾಗದಲ್ಲಿ ವರ್ಮ್ ಗೇರ್ ಹಾಕಿ 7.25 ಮಾಡಿದರು. ಭಾರ ತಡೆಯೋಕೆ ಹಿಂದಿನ ಟೈರ್ 32 ಇಂಚಿನದು, ಹೆಚ್ಚು ಗಟ್ಟಿ. ಭಾರ ಹೇರಿದ ಮೇಲೆ ಗಾಡಿ ಒಟ್ಟು 2,000 ಕೆಜಿ ಅಂತ ಇಟ್ಕೊಳ್ಳಿ. ನೂರಕ್ಕೆ 10ರ ಏರು ಹತ್ತೋಕೆ, ಟೈರ್ ಉರುಳುವ ತಡೆಯೂ ಸೇರಿ, ಸುಮಾರು 240 ಕೆಜಿ ಬಲ ಬೇಕು. ಕಾರಿನ 3.64 ಆಕ್ಸಲ್ ಇದ್ದಿದ್ದರೆ ಲೋ ಗೇರಿನಲ್ಲಿ ಸಿಗ್ತಿದ್ದದ್ದು 280, ಅಂದ್ರೆ ಏದುಸಿರು ಬಿಡುತ್ತಾ ಹತ್ತಬೇಕಿತ್ತು. 7.25ರಲ್ಲಿ ಅದೇ ಲೋ ಗೇರಿಗೆ 560 ಸಿಗುತ್ತೆ. ಬೆಲೆ ಏನು ತೆತ್ತರು? ವೇಗ. ಹೈ ಗೇರಿನಲ್ಲಿ 1,600 ಸುತ್ತಿಗೆ ಬರೀ 34 ಕಿ.ಮೀ. ಇಷ್ಟು ನಿಧಾನ ಬೇಡ ಅನ್ನೋರಿಗೆ 5.17ರ ಆಕ್ಸಲ್ಲೂ ಸಿಗ್ತಿತ್ತು.

ಅಂದ್ರೆ 3.73 ಬೇಕೋ 4.30 ಬೇಕೋ ಅನ್ನೋ ಇವತ್ತಿನ ಪ್ರಶ್ನೆ ನೂರು ವರ್ಷದ ಹಿಂದೆಯೇ 5.17 ಬೇಕೋ 7.25 ಬೇಕೋ ಅಂತ ಇತ್ತು. ಎರಡೂ ಬೇಕು ಅನ್ನೋರು ರಕ್‌ಸ್ಟೆಲ್ ಅನ್ನೋ ಎರಡು ಸ್ಪೀಡಿನ ಆಕ್ಸಲ್ಲನ್ನು ಹಾಕಿಸ್ಕೊತಿದ್ರು. ಫೋರ್ಡ್ ಕಂಪನಿಯ ಒಪ್ಪಿಗೆಯೂ ಅದಕ್ಕೆ ಇತ್ತು. ಕಾರಿನಲ್ಲಿ ಮಾತ್ರ ಫೋರ್ಡ್ ಅದನ್ನು ತಾವೇ ಹಾಕಿ ಕೊಡಲಿಲ್ಲ.

ಮೂತಿ ಎತ್ತುವ ಟ್ರ್ಯಾಕ್ಟರ್

ಅದೇ 1917ರಲ್ಲಿ ಅವರ ಹಳೆಯ ಕನಸೂ ಹೊರಬಂತು. ಫೋರ್ಡ್‌ಸನ್ ಟ್ರ್ಯಾಕ್ಟರ್. ಹೊಲದಲ್ಲಿ ಬೆವರು ಸುರಿಸೋಕೆ ಒಲ್ಲದ ಹುಡುಗ ಲಕ್ಷಾಂತರ ರೈತರ ಕುದುರೆಗಳಿಗೆ ರಜೆ ಕೊಟ್ಟ ಹಾಗಾಯ್ತು. 1928ರ ತನಕ ಅಮೆರಿಕದಲ್ಲಿ 7 ಲಕ್ಷಕ್ಕೂ ಹೆಚ್ಚು ತಯಾರಾದವು.

ಆದರೆ ಅದರಲ್ಲೊಂದು ಭಯಂಕರ ದೋಷ ಇತ್ತು. ನೇಗಿಲು ಬೇರಿಗೋ ಕಲ್ಲಿಗೋ ಸಿಕ್ಕಿಕೊಂಡಾಗ ಹಿಂದಿನ ಚಕ್ರ ತಿರುಗಲ್ಲ. ಗೇರ್ ಗುಣಿಸಿದ ಅಷ್ಟೂ ಟಾರ್ಕಿಗೆ ಎಲ್ಲಾದರೂ ದಾರಿ ಬೇಕಲ್ಲ? ಚಕ್ರ ತಿರುಗದಿದ್ದರೆ ಟ್ರ್ಯಾಕ್ಟರ್ ತಾನೇ ಆಕ್ಸಲ್ ಸುತ್ತ ತಿರುಗುತ್ತೆ. ಮೂತಿ ಮೇಲೇಳುತ್ತೆ, ಕ್ಷಣದಲ್ಲಿ ಹಿಂದಕ್ಕೆ ಮಗುಚಿ ಬೀಳುತ್ತೆ. ಸೀಟಿನಲ್ಲಿದ್ದ ರೈತ ಅಡಿಗೆ. ಹೀಗೆ ಸತ್ತವರು ಒಬ್ಬಿಬ್ಬರಲ್ಲ. ಎಳೆಯೋ ಬಲ ಹೆಚ್ಚಿಸೋದು ಅರ್ಧ ಕೆಲಸ, ಆ ಬಲದ ಪ್ರತಿಕ್ರಿಯೆ ಎಲ್ಲಿಗೆ ಹೋಗುತ್ತೆ ಅಂತ ನೋಡೋದು ಉಳಿದರ್ಧ. ನ್ಯೂಟನ್ನನ ಮೂರನೇ ನಿಯಮವನ್ನು ನಾವು ಪರೀಕ್ಷೆಗೆ ಬರೀತೀವಿ, ಅವರು ಹೊಲದಲ್ಲಿ ಕಲಿತರು.

ಹಟ

1912ರ ಹೊತ್ತಿಗೇ ಫೋರ್ಡ್ ಯುರೋಪಿಗೆ ಹೋಗಿದ್ದಾಗ ಅವರ ಜನ ಮಾಡೆಲ್ ಟಿಗೆ ಬದಲಿ ಒಂದು ಹೊಸ ಕಾರು ಮಾಡಿಟ್ಟಿದ್ದರಂತೆ. ವಾಪಸ್ ಬಂದ ಫೋರ್ಡ್ ಅದರ ಸುತ್ತ ಓಡಾಡಿ ನೋಡಿ, ಆಮೇಲೆ ಬಾಗಿಲು ಕಿತ್ತು, ಗಾಜು ಒಡೆದು ಪುಡಿ ಮಾಡಿದರು ಅಂತ ಜೊತೆಗಿದ್ದವರು ನೆನಪಿಸಿಕೊಂಡಿದ್ದಾರೆ. ಆಮೇಲೆ ಯಾರು ತಾನೇ ಹೊಸದು ಮಾಡೋ ಧೈರ್ಯ ಮಾಡ್ತಾರೆ?

1920ರ ದಶಕದಲ್ಲಿ ರಸ್ತೆಗಳು ಸುಧಾರಿಸಿದವು. ಜನಕ್ಕೆ ವೇಗ ಬೇಕಾಯ್ತು, ಮುಚ್ಚಿದ ಭಾರದ ಬಾಡಿ ಬೇಕಾಯ್ತು. ಭಾರ ಹೆಚ್ಚಿದ್ದರಿಂದ ಏರಿಗೆ ಒಂದು ಗೇರ್, ನೆಲಕ್ಕೆ ಒಂದು, ಮಧ್ಯಕ್ಕೆ ಒಂದು ಬೇಕಾಯ್ತು. ಶೆವರ್ಲೆ ಮೂರು ಸ್ಪೀಡ್ ಕೊಡ್ತಾ ಇತ್ತು. 1925ರಲ್ಲಿ ಫೋರ್ಡ್ ಕಾರ್ಖಾನೆಯಿಂದಲೇ ಪಿಕಪ್ ಬಾಡಿ ಇರುವ ಮಾಡೆಲ್ ಟಿ 281 ಡಾಲರಿಗೆ ಬಂತು. ಇವತ್ತಿನ ಪಿಕಪ್‌ಗಳ ಮುತ್ತಜ್ಜ ಅದು. ಆದರೆ ಒಳಗೆ ಅದೇ ಎರಡು ಗೇರ್. ಮಗ ಎಡ್ಸೆಲ್ ಕಂಪನಿಯ ಅಧ್ಯಕ್ಷ, ಅವನು ಹೊಸ ಕಾರು ಬೇಕು ಅಂತ ಹೇಳ್ತಾನೇ ಇದ್ದ, ಅಪ್ಪ ಕೇಳ್ತಾ ಇರ್ಲಿಲ್ಲ. 1926ರ ಜನವರಿಯಲ್ಲಿ ಹಿರಿಯ ಅಧಿಕಾರಿ ಅರ್ನೆಸ್ಟ್ ಕಾನ್ಜ್ಲರ್ ಆರು ಪುಟದ ಟಿಪ್ಪಣಿ ಬರೆದು ಬಹಳ ಮರ್ಯಾದೆಯಿಂದಲೇ ಇದನ್ನು ಹೇಳಿದರು. ಅದೇ ವರ್ಷ ಅವರ ಕೆಲಸ ಹೋಯ್ತು.

1927ರ ಮೇ ತಿಂಗಳಲ್ಲಿ 1.5 ಕೋಟಿಯ ಲೆಕ್ಕ ಮುಟ್ಟಿದ ಮಾಡೆಲ್ ಟಿ ನಿಂತಿತು. ಆ ವರ್ಷ ಮಾರಾಟದಲ್ಲಿ ಶೆವರ್ಲೆ ಮುಂದೆ ಹೋಯ್ತು. ಮುಂದಿನ ಕಾರಿನ ಡ್ರಾಯಿಂಗ್ ಕೂಡ ರೆಡಿ ಇಲ್ಲದೆ ಕಾರ್ಖಾನೆ ತಿಂಗಳುಗಟ್ಟಲೆ ಮುಚ್ಚಿತು, ಡೆಟ್ರಾಯಿಟಿನಲ್ಲಿ ಸಾವಿರಾರು ಜನ ಕೆಲಸವಿಲ್ಲದೆ ಕೂತರು. ಹಟ ಒಬ್ಬರದು, ಹಸಿವು ಬೇರೆಯವರದು. ಡಿಸೆಂಬರ್‌ನಲ್ಲಿ ಬಂದ ಮಾಡೆಲ್ ಎ ಕಾರಿಗೆ 40 ಅಶ್ವಶಕ್ತಿ, ಮೂರು ಸ್ಪೀಡ್, ನಾಲ್ಕು ಚಕ್ರಕ್ಕೂ ಬ್ರೇಕ್. ಅದರ ಟ್ರಕ್ ರೂಪ ಮಾಡೆಲ್ ಎಎಗೆ ಸ್ವಲ್ಪ ದಿನದಲ್ಲೇ ನಾಲ್ಕು ಸ್ಪೀಡ್ ಕೂಡ ಬಂತು.

ಈ ಹಟ ಗೇರಿಗಷ್ಟೇ ನಿಂತಿದ್ದರೆ ಚೆನ್ನಾಗಿತ್ತು. 1920ರಿಂದ ಅವರ ಒಡೆತನದ ಡಿಯರ್‌ಬಾರ್ನ್ ಇಂಡಿಪೆಂಡೆಂಟ್ ಪತ್ರಿಕೆ ಯಹೂದಿಗಳ ವಿರುದ್ಧ ವಿಷ ಕಾರಿತು. 1927ರಲ್ಲಿ ಮೊಕದ್ದಮೆ ಬಂದ ಮೇಲೆ ಕ್ಷಮೆ ಕೇಳಿದರು. ಆದರೂ 1938ರಲ್ಲಿ ನಾಜಿ ಜರ್ಮನಿ ಕೊಟ್ಟ ಪದಕವನ್ನು ತಗೊಂಡರು. 1932ರ ಮಾರ್ಚ್‌ನಲ್ಲಿ ಕೆಲಸ ಕೇಳಿಕೊಂಡು ಕಾರ್ಖಾನೆಗೆ ಮೆರವಣಿಗೆ ಬಂದವರ ಮೇಲೆ ಪೊಲೀಸರು ಮತ್ತು ಕಂಪನಿಯ ಕಾವಲುಗಾರರು ಗುಂಡು ಹಾರಿಸಿದರು, ಜನ ಸತ್ತರು. 1937ರಲ್ಲಿ ಯೂನಿಯನ್ ನಾಯಕರನ್ನು ಕಾರ್ಖಾನೆಯ ಮೇಲ್ಸೇತುವೆಯಲ್ಲೇ ಹೊಡೆದರು. ಯೂನಿಯನ್ ಜೊತೆ ಒಪ್ಪಂದ ಆಗಿದ್ದು 1941ರಲ್ಲಿ, ಅದೂ ಕ್ಲಾರಾ ಪಟ್ಟು ಹಿಡಿದ ಮೇಲೆ ಅಂತ ಹೇಳ್ತಾರೆ. ದೊಡ್ಡ ಇಂಜಿನಿಯರ್ ಅಂತ ಇದನ್ನೆಲ್ಲ ಮುಚ್ಚಿಟ್ಟು ಬರೆದರೆ ಅದು ಜೀವನಚರಿತ್ರೆ ಆಗಲ್ಲ, ಜಾಹೀರಾತು ಆಗುತ್ತೆ.

ಮುದುಕರಾದ ಮೇಲೆ ಒಂದು ಪಾಠ

1938ರಲ್ಲಿ, 75ನೇ ವಯಸ್ಸಿನಲ್ಲಿ, ಫೋರ್ಡ್ ಇನ್ನೊಬ್ಬರ ಐಡಿಯಾ ಒಪ್ಪಿಕೊಂಡರು. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ತಂದು ತೋರಿಸಿದ ಮೂರು ತೋಳಿನ ಹಿಚ್ ಅದು. ಕೆಳಗಿನ ಎರಡು ತೋಳು ನೇಗಿಲನ್ನು ಎಳೆಯುತ್ತವೆ. ನೇಗಿಲು ಹಿಂದಕ್ಕೆ ಜಗ್ಗಿದಾಗ ಮೇಲಿನ ತೋಳು ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುತ್ತೆ, ಮೂತಿ ನೆಲ ಬಿಡಲ್ಲ. ಜೊತೆಗೆ ನೇಗಿಲಿನ ಭಾರ ಹಿಂದಿನ ಚಕ್ರದ ಮೇಲೆ ಬಿದ್ದು ಹಿಡಿತವೂ ಹೆಚ್ಚುತ್ತೆ. ಫೋರ್ಡ್‌ಸನ್ ರೈತರನ್ನು ಕೊಂದ ದೋಷಕ್ಕೆ ಅದೇ ಮದ್ದು. ಇಬ್ಬರೂ ಕಾಗದ ಪತ್ರ ಇಲ್ಲದೆ ಕೈ ಕುಲುಕಿ ಒಪ್ಪಂದ ಮಾಡಿಕೊಂಡರು. 1939ರಲ್ಲಿ ರಬ್ಬರ್ ಟೈರಿನ 9ಎನ್ ಟ್ರ್ಯಾಕ್ಟರ್ ಬಂತು. ನಮ್ಮ ಮಂಡ್ಯದ ಗದ್ದೆಯಲ್ಲೋ ರಾಯಚೂರಿನ ಹೊಲದಲ್ಲೋ ಟ್ರ್ಯಾಕ್ಟರ್ ಕಂಡರೆ ಹಿಂದೆ ನೋಡಿ, ಆ ಮೂರು ತೋಳು ಇವತ್ತಿಗೂ ಇದೆ.

1943ರ ಮೇ 26ರಂದು ಎಡ್ಸೆಲ್ ಕ್ಯಾನ್ಸರಿನಿಂದ ತೀರಿಕೊಂಡರು, 49 ವಯಸ್ಸು. ಮಗ ಹೇಳಿದ್ದನ್ನು ಅಪ್ಪ ಸಮಯಕ್ಕೆ ಕೇಳಲೇ ಇಲ್ಲ. ಹೈಡ್ರಾಲಿಕ್ ಬ್ರೇಕ್ ಕೂಡ ಫೋರ್ಡ್ ಕಾರಿಗೆ ಬಂದಿದ್ದು 1939ರ ಮಾಡೆಲ್‌ಗೆ, ಬೇರೆಯವರೆಲ್ಲ ಹಾಕಿದ ಎಷ್ಟೋ ವರ್ಷದ ನಂತರ. ಮಗ ಹೋದ ಮೇಲೆ ಮುದುಕರು ಮತ್ತೆ ಕುರ್ಚಿಯಲ್ಲಿ ಕೂತರು, 1945ರಲ್ಲಿ ಮೊಮ್ಮಗನಿಗೆ ಬಿಟ್ಟುಕೊಟ್ಟರು. 1947ರ ಏಪ್ರಿಲ್ 7ರ ರಾತ್ರಿ, 83ನೇ ವಯಸ್ಸಿನಲ್ಲಿ, ಡಿಯರ್‌ಬಾರ್ನ್‌ನ ಮನೆಯಲ್ಲಿ ಹೆನ್ರಿ ಫೋರ್ಡ್ ತೀರಿಕೊಂಡರು. ರೂಜ್ ನದಿ ಉಕ್ಕಿ ಮನೆಯ ಸ್ವಂತ ವಿದ್ಯುತ್ ಘಟಕ ನಿಂತಿತ್ತು. ಎಡಿಸನ್ ಕಂಪನಿಯ ಹಳೆಯ ಚೀಫ್ ಇಂಜಿನಿಯರ್ ಮೇಣದಬತ್ತಿ, ಎಣ್ಣೆ ದೀಪದ ಬೆಳಕಿನಲ್ಲಿ ಹೋದರು.

ಈಗ ನಮ್ಮ ಕೈಗೆ ಸಂಖ್ಯೆ

ಮೊದಲು ಹೇಳಿದ ಪಿಕಪ್‌ಗೆ ಬರೋಣ. 3.73 ಆಕ್ಸಲ್, 33 ಇಂಚಿನ ಟೈರ್ ಇರುವ ಟ್ರಕ್ಕಿಗೆ ಚಂದ ಕಾಣಲಿ ಅಂತ 35 ಇಂಚಿನ ಟೈರ್ ಹಾಕಿಸಿದರು ಅನ್ನಿ. 3.73ನ್ನು 33ರಿಂದ ಗುಣಿಸಿ 35ರಿಂದ ಭಾಗಿಸಿ: 3.52. ದುಡ್ಡು ಕೊಟ್ಟು ಟ್ರಕ್ಕಿನ ಬಲವನ್ನೇ ಕಮ್ಮಿ ಮಾಡ್ಕೊಂಡ ಹಾಗೆ. ಮೊದಲಿನ ಬಲ ವಾಪಸ್ ಬರಬೇಕಾದರೆ 3.96 ಬೇಕು, ಸಿಗೋದರಲ್ಲಿ ಅದಕ್ಕಿಂತ ಕಮ್ಮಿ ಇಲ್ಲದ ಹತ್ತಿರದ್ದು 4.10. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಆಕ್ಸಲ್ಲೂ ಬದಲಿಸಬೇಕು, ಇಲ್ಲದಿದ್ದರೆ ಎರಡು ಆಕ್ಸಲ್ ಒಂದಕ್ಕೊಂದು ಜಗ್ಗಾಡಿ ಏನಾದರೂ ಮುರಿಯುತ್ತೆ. ಸ್ಪೀಡೋಮೀಟರ್ ಸರಿ ಮಾಡಿಸದಿದ್ದರೆ ಅದು 60 ತೋರಿಸುವಾಗ ಗಾಡಿ ನಿಜವಾಗಿ 63ರ ಮೇಲೆ ಓಡ್ತಿರುತ್ತೆ. ಟೈರ್ ಎಷ್ಟು ದೊಡ್ಡದು ಅನ್ನೋದಕ್ಕಿಂತ ಮೊದಲು ಅದು ಎಷ್ಟು ಭಾರ ಹೊರುತ್ತೆ ಅಂತ ಪಕ್ಕದಲ್ಲಿ ಬರೆದಿರೋದನ್ನು ಓದಬೇಕು.

3.64 ತಪ್ಪು ಸಂಖ್ಯೆ ಅಲ್ಲ. 1908ರ ಭಾರಕ್ಕೆ, 1908ರ ರಸ್ತೆಗೆ ಅದಕ್ಕಿಂತ ಒಳ್ಳೆಯದನ್ನು ಯಾರೂ ಆರಿಸೋಕೆ ಆಗ್ತಿರ್ಲಿಲ್ಲ. ಭಾರ ಬದಲಾದಾಗ ಫೋರ್ಡ್ ಟ್ರಕ್ಕಿಗೆ 7.25 ಹಾಕಿದರು, ಅಲ್ಲಿ ಗೆದ್ದರು. ಕಾರಿಗೆ, ಮಗನಿಗೆ, ಕಾರ್ಮಿಕರಿಗೆ ಮಾತ್ರ ಹಳೆ ರೇಶಿಯೋವನ್ನೇ ಹಿಡ್ಕೊಂಡರು. ಗೆಳೆಯರೇ, ನಾಳೆ ಪ್ರಾಜೆಕ್ಟಿಗೆ ಗೋ ಕಾರ್ಟೋ ಬಾಹಾ ಬಗ್ಗಿಯೋ ಕಟ್ಟೋಕೆ ಕೂತಾಗ, ಹೋದ ವರ್ಷದ ಸೀನಿಯರ್ ಬಿಟ್ಟುಹೋದ ಗೇರ್ ರೇಶಿಯೋವನ್ನು ಹಾಗೇ ಕಾಪಿ ಮಾಡ್ಬೇಡಿ. ಈ ಸಲದ ತೂಕ ಎಷ್ಟು, ಏರು ಎಷ್ಟು, ಟೈರ್ ಎಷ್ಟು ಅಂತ ಮೊದಲು ಅಳೆಯಿರಿ. ಅಳೆದ ಮೇಲೆ ಹಳೆಯ ಸಂಖ್ಯೆಯೇ ಬಂದರೆ ಅದನ್ನೇ ಹಾಕಿ.